ಟೈರಿನ ಮೇಲಿನ ನಾಲ್ಕು ಅಂಕಿ
ಹಳೇ ಕಾರು ಅಂದ ಕೂಡಲೇ ನಮ್ಮೂರಲ್ಲಿ ಮೊದಲು ಕೇಳುವುದು ಮೈಲೇಜ್ ಎಷ್ಟು ಅಂತ. ಇಲ್ಲಿ ಕುವೈತ್‌ನ ಮಂಗಫ್‌ನಲ್ಲಿ ಆ ಪ್ರಶ್ನೆಗೆ ತೂಕ ಕಡಿಮೆ. 91 ಆಕ್ಟೇನ್ ಪೆಟ್ರೋಲು ಲೀಟರಿಗೆ 85 ಫಿಲ್ಸ್. ಯಾರಿಸ್, ಸನ್ನಿಯಂಥ ಸಣ್ಣ ಕಾರುಗಳ ಬೆಲೆ ಇರುವುದು ಬೇರೆ ಕಡೆ: ಬಿಡಿಭಾಗ ಅಗ್ಗ, ಯಾವ ಗ್ಯಾರೇಜಿನವನಿಗೂ ಗೊತ್ತಿರುವ ಎಂಜಿನ್, ಬಿಲ್ಡಿಂಗ್ ಕೆಳಗಿನ ಇಕ್ಕಟ್ಟಿನಲ್ಲೂ ನಿಲ್ಲುತ್ತವೆ.

ಇಲ್ಲಿ ಕಾರು ತಿನ್ನುವುದು ಬಿಸಿಲು. 2016ರ ಜುಲೈಯಲ್ಲಿ ಇದೇ ಕುವೈತ್‌ನ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾಗಿದೆ. ಬ್ಯಾಟರಿ, ರಬ್ಬರ್ ಹೋಸು, ಎಸಿ ಎಲ್ಲ ಬೇಗ ಸೋಲುತ್ತವೆ. ಪೇಂಟಿನ ಹೊಳಪು ನೋಡಿ ಮರುಳಾಗುವ ಮುಂಚೆ ಬಗ್ಗಿ ಟೈರಿನ ಪಕ್ಕ ನೋಡಿ. ಅಲ್ಲಿ ಅಚ್ಚೊತ್ತಿದ ಸಂಕೇತದ ಕೊನೆಯ ನಾಲ್ಕು ಅಂಕಿ 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಅಷ್ಟು ಹಳೆಯ ಟೈರಿನ ಟ್ರೆಡ್ ಆಳವಾಗಿದ್ದರೂ ರಬ್ಬರು ಒಣಗಿ ಬಿರುಕು ಬಿಟ್ಟಿರಬಹುದು. ಹೆದ್ದಾರಿಯ ವೇಗದಲ್ಲಿ ಅದು ಸಿಡಿದರೆ ಮುಂದಿನದು ಹೇಳಬೇಕಿಲ್ಲ.

ದಫ್ತರ್, ಅಂದರೆ ಕಾರಿನ ನೋಂದಣಿ ಪತ್ರ, ನಿಮ್ಮ ಹೆಸರಿಗೆ ಬರುವ ಮುಂಚೆ ಹಳೇ ದಂಡ ಬಾಕಿ ಇದೆಯೇ ಎಂದೂ ವಿಚಾರಿಸಿ.

ಊರಿಗೆ ಹೊರಟು ಕಾರು ಮಾರುವವರಲ್ಲಿ ಒಂದು ವಿನಂತಿ. ಕೊಳ್ಳುವವನು ಹೆಂಡತಿ ಮಕ್ಕಳನ್ನು ಅದರಲ್ಲೇ ಕೂರಿಸುತ್ತಾನೆ. ಟೈರು ಹಳೆಯದಾಗಿದ್ದರೆ ದಯವಿಟ್ಟು ಬಾಯಿಬಿಟ್ಟು ಹೇಳಿ.