ಹರಿಗೋಲು ಕಲಿಸಿದ ಪಾಠ

ಮೈಸೂರಿನಿಂದ ಸುಮಾರು 45 ಕಿ.ಮೀ. ದೂರದ ಹುಣಸೂರಿಗೆ ಹೋಗುವ ಹೆದ್ದಾರಿಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ದಾರಿ ಸಾಗಿದರೆ ಬಿಳಿಕೆರೆ ಸಿಗುತ್ತದೆ. ಕೊಡಗು, ಮಂಗಳೂರುಗಳತ್ತ ಹೊರಟ ವಾಹನಗಳು ಇಲ್ಲಿಂದ ನೇರವಾಗಿ ಮುಂದುವರಿಯುತ್ತವೆ. ಕೃಷ್ಣರಾಜನಗರ, ಹೊಳೆನರಸೀಪುರ, ಹಾಸನ, ಬೇಲೂರುಗಳತ್ತ ಹೊರಟವು ಬಲಕ್ಕೆ ತಿರುಗುತ್ತವೆ. ಕವಲುದಾರಿಯ ಊರೆಂದೇ ಹೆಚ್ಚಿನವರಿಗೆ ಇದರ ಪರಿಚಯ. ಬಸ್ಸು ನಿಂತಾಗ ಒಂದು ಲೋಟ ಚಹಾ ಕುಡಿದು ಹೊರಟುಬಿಡುವ ಪ್ರಯಾಣಿಕರು, ಊರಿಗೆ ಹೆಸರು ಕೊಟ್ಟ ಕೆರೆಯ ಕಡೆಗೆ ಕತ್ತೆತ್ತಿಯೂ ನೋಡುವುದಿಲ್ಲ.

ಈ ಸೀಮೆಯನ್ನು ನೀರಿನ ಸೀಮೆಯೆಂದು ಕರೆದರೆ ಅತಿಶಯೋಕ್ತಿಯಾಗದು. ಬ್ರಹ್ಮಗಿರಿಯ ತಪ್ಪಲಲ್ಲಿ ಇರ್ಪಿನ ಜಲಪಾತವಾಗಿ ಧುಮುಕುವ ಲಕ್ಷ್ಮಣತೀರ್ಥವು ಹನಗೋಡಿನ ಅಣೆಕಟ್ಟೆಯನ್ನು ಹಾಯ್ದು, ಹುಣಸೂರು ಪಟ್ಟಣದ ಮಗ್ಗುಲಲ್ಲಿ ಹರಿದು ಕೃಷ್ಣರಾಜಸಾಗರದ ಹಿನ್ನೀರನ್ನು ಸೇರುತ್ತದೆ. ಪಿರಿಯಾಪಟ್ಟಣ ತಾಲ್ಲೂಕಿನ ಅಂಚನ್ನು ಸವರಿಕೊಂಡು ಬರುವ ಕಾವೇರಿಯು ಕೃಷ್ಣರಾಜನಗರದ ಚುಂಚನಕಟ್ಟೆಯಲ್ಲಿ ಬಂಡೆಗಳ ನಡುವೆ ನೊರೆಯಾಗಿ ಧುಮುಕುತ್ತಾಳೆ. ಹೆಗ್ಗಡದೇವನಕೋಟೆಯಲ್ಲಿ ಕಪಿಲೆ, ನುಗು, ತಾರಕಗಳಿವೆ. ಇವುಗಳ ಜೊತೆಗೆ ಪ್ರತಿ ಊರಿಗೂ ಒಂದು ಕೆರೆ, ಹೊಲದ ಬದಿಗೆ ಒಂದು ನಾಲೆ.

ಇಷ್ಟೊಂದು ನೀರಿನ ನಡುವೆ ಬಾಳುವ ನಮ್ಮ ಮನೆಗಳ ಮಕ್ಕಳಿಗೆ ಮಾತ್ರ ನೀರಿನ ಪರಿಚಯವಿಲ್ಲ. ನಮ್ಮ ಹಿರಿಯರು ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವರು. ಕೊಳವೆಬಾವಿಗಳು ಬಂದ ಮೇಲೆ ತೆರೆದ ಬಾವಿಗಳು ಬತ್ತಿದವು. ಕೆಲವು ಕಸದ ಗುಂಡಿಗಳಾದವು. ಈಜು ಕಲಿಸುವ ತಾಣವೇ ಹೋದ ಮೇಲೆ ಉಳಿದದ್ದು ತಾಯಂದಿರ ಅಂಜಿಕೆಯೊಂದೇ. “ನೀರಿನ ಹತ್ತಿರ ಹೋಗಬೇಡ” ಎಂಬ ಮಾತನ್ನು ಕೇಳಿಕೊಂಡೇ ಬೆಳೆದ ಹುಡುಗರು ಹದಿನೆಂಟರ ಹರೆಯದಲ್ಲಿ ಗೆಳೆಯರೊಡನೆ ನಾಲೆಗೋ ಹಿನ್ನೀರಿಗೋ ಇಳಿಯುತ್ತಾರೆ. ಬೇಸಿಗೆಯ ರಜೆಯಲ್ಲಿ, ಹಬ್ಬದ ಮರುದಿನಗಳಲ್ಲಿ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಾಗಿ ಬರುವ ಸುದ್ದಿಯನ್ನು ನಾವೆಲ್ಲರೂ ಓದಿದ್ದೇವೆ. ಆ ನಾಲ್ಕು ಸಾಲಿನ ಹಿಂದೆ ಒಂದು ಮನೆಯ ದೀಪ ಆರಿರುತ್ತದೆ.

ಇದನ್ನು ಮಾತಾಡಿಕೊಂಡೇ ನಾವು ಬಿಳಿಕೆರೆಯ ಸುತ್ತಲಿನ ಐದಾರು ಮನೆಗಳವರು, ಹನ್ನೊಂದರ ಬಾಲೆಯಿಂದ ಹಿಡಿದು ಅರವತ್ತು ದಾಟಿದ ನಿವೃತ್ತ ಉಪಾಧ್ಯಾಯರವರೆಗೆ, ಮೊದಲು ಈಜನ್ನೂ ಅನಂತರ ಹರಿಗೋಲನ್ನೂ ಕಲಿಯಲು ಹೊರಟದ್ದು. ಈಜಿನ ಅಭ್ಯಾಸ ಎಲ್ಲ ಊರಿನಲ್ಲಿಯೂ ಒಂದೇ ಬಗೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ. ಆದರೆ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾಗದು. ನಮ್ಮ ಹೆಣ್ಣುಮಕ್ಕಳಲ್ಲಿ ಹಿರಿಯರೊಬ್ಬರು ಮೊದಲ ದಿನವೇ ಕೇಳಿದ ಪ್ರಶ್ನೆ ಇಷ್ಟಲಿಂಗವನ್ನು ಕುರಿತದ್ದಾಗಿತ್ತು. ಅಂಗದಿಂದ ಅಗಲಿಸಲಾಗದ ಲಿಂಗವನ್ನು ದಡದಲ್ಲಿ ಬಿಟ್ಟು ನೀರಿಗಿಳಿಯುವುದು ಸಲ್ಲದು. ಶಿವದಾರ ಸಡಿಲವಾದರೆ ಕರಡಿಗೆ ನೀರಿಗೆ ಬೀಳಬಹುದು. ಅವರೇ ಉಪಾಯವನ್ನೂ ಕಂಡುಕೊಂಡರು. ಕರಡಿಗೆಯನ್ನು ದಪ್ಪ ವಸ್ತ್ರದಲ್ಲಿ ಸುತ್ತಿ, ಎದೆಗೆ ಅಡ್ಡಲಾಗಿ ಬಿಗಿದು ಕಟ್ಟಿ, ಮೇಲೆ ಲೈಫ್ ಜಾಕೆಟ್ ತೊಟ್ಟರು. ಮುಂದೆ ಎಲ್ಲರೂ ಅದನ್ನೇ ಅನುಸರಿಸಿದರು.

ಇನ್ನು ಹರಿಗೋಲಿನ ವಿಚಾರ. ದೋಣಿಗೆ ಮುಂದು ಹಿಂದುಗಳಿವೆ; ಹರಿಗೋಲಿಗೆ ಅವೆರಡೂ ಇಲ್ಲ. ಸೀಳಿದ ಬಿದಿರಿನ ದಬ್ಬೆಗಳನ್ನು ಒಂದರೊಳಗೊಂದು ಹೆಣೆದು ದೊಡ್ಡದೊಂದು ಬುಟ್ಟಿ ಮಾಡಿ, ಅಂಚಿಗೆ ಬಿದಿರಿನ ಗಟ್ಟಿ ಬಳೆ ಕಟ್ಟಿ, ಹೊರಮೈಗೆ ಹಿಂದೆ ಚಕ್ಕಳವನ್ನು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಅಥವಾ ಗೊಬ್ಬರದ ಚೀಲವನ್ನು ಹೊದಿಸಿ ಡಾಂಬರು ಬಳಿಯುತ್ತಾರೆ. ಒಬ್ಬನೇ ಕುಳಿತು ಬಲೆ ಬೀಸುವ ಚಿಕ್ಕ ಹರಿಗೋಲನ್ನು ಮೀನುಗಾರನು ಆಮೆಯ ಚಿಪ್ಪಿನಂತೆ ಬೆನ್ನಮೇಲೆ ಹೊತ್ತು ನಡೆಯುವ ನೋಟ ನಮ್ಮ ಕೆರೆಯ ಏರಿಗಳ ಮೇಲೆ ಇಂದಿಗೂ ಅಪರೂಪವಲ್ಲ. 1520ರ ಸುಮಾರಿನಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆಯ ಮೇಲಿನ ಬುಟ್ಟಿಯಂತಹ ದುಂಡನೆಯ ದೋಣಿಗಳನ್ನು ವರ್ಣಿಸಿದ್ದಾನೆ. ಅದಕ್ಕೂ ಎರಡು ಸಾವಿರ ವರ್ಷಗಳ ಹಿಂದೆ ಗ್ರೀಸಿನ ಹೆರೊಡೋಟಸ್ ಬ್ಯಾಬಿಲೋನಿನಲ್ಲಿ ಚರ್ಮ ಹೊದಿಸಿದ ಇಂತಹದೇ ದೋಣಿಗಳನ್ನು ಕಂಡು ಬೆರಗಾಗಿದ್ದನು. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿಯೂ ಇದರ ಸೋದರಸಂಬಂಧಿಯುಂಟು.

ನಮಗೆ ಕಲಿಸಲು ಒಪ್ಪಿದವರು ಹಿನ್ನೀರಿನಲ್ಲಿ ಮೀನು ಹಿಡಿದು ಬಾಳಿದ, ಎಪ್ಪತ್ತರ ಆಚೆಯ ಹಿರಿಯರು. ಸೇತುವೆಗಳಾಗುವ ಮೊದಲು ಅವರ ತಂದೆ ಕಡವಿನಲ್ಲಿ ಜನರನ್ನು ದಾಟಿಸುತ್ತಿದ್ದವರು. ಮೊದಲ ದಿನ ಕೆರೆಯ ದಡದಲ್ಲಿ ಅವರು ನಮಗೆ ಹುಟ್ಟನ್ನು ಕೊಡಲೇ ಇಲ್ಲ. “ಬುದ್ಧಿ, ನೀವು ಕೂತ್ಕಳಿ, ಹುಟ್ಟು ನನ್ನ ಕೈಲಿರ್ಲಿ” ಎಂದರು. ನಮ್ಮ ಸೀಮೆಯವರಿಗೆ ಈ ‘ಬುದ್ಧಿ’ ಎಂಬ ಸಂಬೋಧನೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ತಲೆಮಾರುಗಳಿಂದ ನಮ್ಮ ಮನೆಗಳವರು ಹರಿಗೋಲಿನಲ್ಲಿ ಕುಳಿತವರು, ಅವರ ಮನೆಗಳವರು ಹುಟ್ಟು ಹಾಕಿದವರು.

ಆಗ ನಮ್ಮೊಡನಿದ್ದ ಉಪಾಧ್ಯಾಯರು ಅಂಬಿಗರ ಚೌಡಯ್ಯನವರ ಹೆಸರೆತ್ತಿದರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರ ನಡುವೆ ಕುಳಿತು ನುಡಿದ ಚೌಡಯ್ಯನವರು ಹುಟ್ಟು ಹಾಕಿ ಜೀವಿಸಿದವರು. ಬಹುತೇಕ ವಚನಕಾರರು ತಮ್ಮ ಆರಾಧ್ಯದೈವದ ಹೆಸರನ್ನು ಅಂಕಿತವಾಗಿ ಇರಿಸಿಕೊಂಡರೆ ಇವರು ತಮ್ಮ ಕಾಯಕದೊಡನೆ ತಮ್ಮ ಹೆಸರನ್ನೇ ಅಂಕಿತವಾಗಿ ಇರಿಸಿಕೊಂಡರು. ಡಾಂಭಿಕರನ್ನು ಕಂಡರೆ ಅವರ ಮಾತು ಚಾವಟಿಯಂತೆ ಬೀಳುತ್ತಿತ್ತು. ಅವರ ನೆಲೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರ. ಮುಕ್ತೇಶ್ವರ ದೇವಾಲಯದ ಮುಂದೆ ತುಂಗಭದ್ರೆ ವಿಶಾಲವಾಗಿ ತಿರುಗಿ ಹರಿಯುವ ಆ ಊರಿಗೆ ನಮ್ಮಲ್ಲಿ ಕೆಲವರು ಹಿಂದೆ ಹೋಗಿ ಬಂದಿದ್ದೆವು. ಕಪ್ಪು ಶಿಲೆಯ ಕುಸುರಿಕೆಲಸವನ್ನು ಕಂಡು ತಣಿದೆವು; ಆದರೆ ಆ ಹೊಳೆಯನ್ನು ಒಬ್ಬ ಮನುಷ್ಯನು ದಿನವೂ ಹತ್ತಾರು ಬಾರಿ ದಾಟುವುದೆಂದರೆ ತೋಳಿಗೆ ಏನಾಗುತ್ತದೆ ಎಂಬ ವಿಚಾರ ಅಂದು ಯಾರ ಮನಸ್ಸಿಗೂ ಬಂದಿರಲಿಲ್ಲ. ವಚನವನ್ನು ಓದುವವರಿಗೆ ಅಂಬಿಗನು ರೂಪಕವಾಗಿ ಮಾತ್ರ ಕಾಣುವ ಅಪಾಯವುಂಟು.

ಹಿರಿಯರು ಚೌಡಯ್ಯನವರ ಹೆಸರು ಕೇಳಿ ನಕ್ಕರು. “ನಮ್ಮೋರೇ ಅಲ್ವಾ ಅವ್ರು” ಎಂದು ಹುಟ್ಟನ್ನು ಕೈಗೆ ಕೊಟ್ಟರು. ಕನ್ನಡದಲ್ಲಿ ಜನ್ಮಕ್ಕೂ ‘ಹುಟ್ಟು’, ದೋಣಿಯನ್ನು ನಡೆಸುವ ಕೋಲಿಗೂ ‘ಹುಟ್ಟು’. ಯಾವ ಹುಟ್ಟಿನಿಂದ ಮನುಷ್ಯನನ್ನು ಅಳೆಯಬೇಕೆಂಬುದಕ್ಕೆ ಶರಣರು ಎಂದೋ ಉತ್ತರ ಕೊಟ್ಟಿದ್ದಾರೆ.

ಹರಿಗೋಲನ್ನು ಹತ್ತುವುದರಲ್ಲಿಯೇ ಒಂದು ಶಿಸ್ತು ಇದೆ. ಅಂಚಿನ ಮೇಲೆ ಕಾಲಿಟ್ಟರೆ ಅದು ಮಗುಚುತ್ತದೆ. ಮೊದಲ ಹೆಜ್ಜೆಯನ್ನು ನಡುವಿನಲ್ಲಿಯೇ ಇಡಬೇಕು, ಇಟ್ಟೊಡನೆ ಕುಳಿತುಬಿಡಬೇಕು. ಭಾರವಿರುವವರು ನಡುವೆ, ಹಗುರಾದವರು ಸುತ್ತ. ಒಬ್ಬರು ಎದ್ದು ನಿಂತರೆ ಎಲ್ಲರಿಗೂ ಅಪಾಯ. ಹುಟ್ಟು ಹಾಕುವವನು ಮುಂದಿನ ಅಂಚಿಗೆ ಮೊಣಕಾಲೂರಿ, ಹುಟ್ಟನ್ನು ತನ್ನ ಎದುರಿಗೆ ನೀರಿಗಿಳಿಸಿ ತನ್ನತ್ತ ಎಳೆದುಕೊಳ್ಳಬೇಕು. ಎಡಕ್ಕೊಮ್ಮೆ ಬಲಕ್ಕೊಮ್ಮೆ ನೀರನ್ನು ಬಳಸಿ ಬರುವ ಆ ಎಳೆತವು ಎಂಟರ ಅಂಕಿಯನ್ನು ಅಡ್ಡಲಾಗಿ ಬರೆದಂತೆ ಕಾಣುತ್ತದೆ. ನೋಡಲು ಮಕ್ಕಳಾಟ. ಕೈಗೆ ಬಂದಾಗ ತಿಳಿಯುತ್ತದೆ: ಒಂದು ಬದಿಗೆ ಕೂದಲೆಳೆಯಷ್ಟು ಹೆಚ್ಚು ಬಲ ಬಿದ್ದರೂ ಹರಿಗೋಲು ಬುಗುರಿಯಂತೆ ತಿರುಗತೊಡಗುತ್ತದೆ.

ಪ್ರವಾಸಿ ತಾಣಗಳಲ್ಲಿ ಇದನ್ನು ಬೇಕೆಂದೇ ಗಿರಗಿರನೆ ತಿರುಗಿಸಿ ಜನರನ್ನು ಕಿರುಚಿಸುತ್ತಾರೆ. ಅದು ನಮಗೇನೂ ರುಚಿಸದು. ತಿರುಗುವುದು ಹರಿಗೋಲಿನ ಸಹಜಗುಣ. ತಿರುಗದಂತೆ ನಡೆಸುವುದು ಅಂಬಿಗನ ವಿದ್ಯೆ.

ನಮ್ಮ ಪೈಕಿ ಹೊಲದಲ್ಲಿ ದುಡಿದ ತೋಳಿನ ತರುಣರಿಗೆ ಈ ವಿದ್ಯೆ ಬೇಗ ಒಲಿಯಲಿಲ್ಲ. ಹೊಗೆಸೊಪ್ಪಿನ ಮೂಟೆಗಳನ್ನು ಹೊತ್ತ ಆ ತೋಳುಗಳು ನೀರನ್ನೂ ಮೂಟೆಯಂತೆ ಎತ್ತಿ ಒಗೆಯಲು ಹೋಗುತ್ತಿದ್ದವು. ಹಿರಿಯರು ದಡದಿಂದ ಕೂಗುತ್ತಿದ್ದ ಮಾತು ಒಂದೇ: “ನೀರ್ನ ಹೊಡೀಬ್ಯಾಡ, ಕರ್ಕೊ.” ನೀರನ್ನು ಕರೆದುಕೊಳ್ಳುವುದೆಂದರೇನು ಎಂಬುದನ್ನು ಮೊದಲು ತಿಳಿದವಳು ಹನ್ನೊಂದರ ಆ ಬಾಲೆ. ಅವಳ ತೋಳಿನಲ್ಲಿ ಬಲವಿರಲಿಲ್ಲ. ಆದ್ದರಿಂದ ಬಲವನ್ನು ನೆಚ್ಚುವ ಅಭ್ಯಾಸವೂ ಇರಲಿಲ್ಲ. ನಾಲ್ಕನೆಯ ದಿನ ಅವಳು ಕೆರೆಯ ಈ ದಡದಿಂದ ಆ ದಡಕ್ಕೆ ಗೆರೆ ಎಳೆದಂತೆ ಹೋದಳು. ಮನೆಯಲ್ಲಿ ಹುಡುಗಿಗೆ ಇದೆಲ್ಲ ಏತಕ್ಕೆಂದು ಕೇಳಿದವರು ಆ ಸಂಜೆ ಕೆರೆಯ ಏರಿಯ ಮೇಲೆ ನಿಂತು ನೋಡುತ್ತಿದ್ದರು.

ಕೆರೆ ನಿಂತ ನೀರು. ಹಿನ್ನೀರು ಬೇರೆ. 1911ರಲ್ಲಿ ಕಟ್ಟಲಾರಂಭಿಸಿದ ಕೃಷ್ಣರಾಜಸಾಗರದ ಜಲಾಶಯವು 124.80 ಅಡಿಗೆ ತುಂಬಿದಾಗ ಸಾಗರಕಟ್ಟೆಯ ಸುತ್ತಲಿನ ನೀರು ಹೆಸರಿಗೆ ತಕ್ಕಂತೆ ಸಾಗರವೇ ಆಗುತ್ತದೆ. ಬೆಳಗಿನ ಹೊತ್ತು ಕನ್ನಡಿಯಂತಿರುವ ಆ ನೀರಿನ ಮೇಲೆ ಗಾಳಿ ಎದ್ದರೆ, ತಳದಲ್ಲಿ ನೀರನ್ನು ಸೀಳಿ ಹಿಡಿಯುವ ಏಣಿಲ್ಲದ ಹರಿಗೋಲು ತರಗೆಲೆಯಂತೆ ತೇಲಿಹೋಗುತ್ತದೆ. ಅಲ್ಲಿ ತೋಳಿನ ವಿದ್ಯೆಗಿಂತ ಕಾಲದ ಅರಿವು ದೊಡ್ಡದು. ಮೀನುಗಾರರು ನಸುಕಿನಲ್ಲಿಯೇ ಇಳಿದು ಗಾಳಿ ಏಳುವ ಮುನ್ನ ದಡ ಸೇರುತ್ತಾರೆ. ನಾವೂ ಅವರ ಗಡಿಯಾರಕ್ಕೆ ಹೊಂದಿಕೊಂಡೆವು. ನಸುಕಿನಲ್ಲೆದ್ದು ಲಿಂಗಪೂಜೆ ಮುಗಿಸಿ ನೀರಿಗಿಳಿದ ಆ ಬೆಳಗುಗಳಲ್ಲಿ, ಪೂಜೆಯಲ್ಲಿ ಕುಳಿತ ನಿಲುವೂ ಹರಿಗೋಲಿನಲ್ಲಿ ಕುಳಿತ ನಿಲುವೂ ಬಹುಮಟ್ಟಿಗೆ ಒಂದೇ ಎಂಬುದನ್ನು ಉಪಾಧ್ಯಾಯರು ತೋರಿಸಿಕೊಟ್ಟರು. ಬೆನ್ನು ನೇರ, ಉಸಿರು ಸಮ, ದೃಷ್ಟಿ ಒಂದು ಕಡೆ. ಮನಸ್ಸು ಚದುರಿದ ದಿನ ಹರಿಗೋಲು ಒಡನೆಯೇ ಅದನ್ನು ಹೇಳಿಬಿಡುತ್ತಿತ್ತು. ಪೂಜೆಯಲ್ಲಿ ಅಷ್ಟು ಬೇಗ ಯಾರಿಗೂ ಗೊತ್ತಾಗುವುದಿಲ್ಲ.

ಹರಿಯುವ ಹೊಳೆಯ ಪಾಠವನ್ನು ಲಕ್ಷ್ಮಣತೀರ್ಥದಲ್ಲಿ ಕಲಿತೆವು. ಎದುರು ದಡದ ಹುಣಸೆಮರವನ್ನು ಗುರಿಯಿಟ್ಟು ನೇರವಾಗಿ ಹೊರಟರೆ ಹೊಳೆ ನಿಮ್ಮನ್ನು ಬಹುದೂರ ಕೆಳಕ್ಕೆ ಒಯ್ದಿರುತ್ತದೆ. ಬಲ್ಲವರು ಮೊದಲು ದಡದಂಚಿನ ಮಂದವಾದ ನೀರಿನಲ್ಲಿಯೇ ಮೇಲಕ್ಕೆ ಏರುತ್ತಾರೆ. ಸಾಕಷ್ಟು ಮೇಲೆ ಹೋದ ಬಳಿಕ ಹರಿವಿಗೆ ಓರೆಯಾಗಿ ಬಿಡುತ್ತಾರೆ. ಹೊಳೆ ಕೆಳಕ್ಕೆ ಎಳೆಯುತ್ತದೆ, ಅಂಬಿಗ ಅಡ್ಡಕ್ಕೆ ಎಳೆಯುತ್ತಾನೆ. ಎರಡೂ ಕೂಡಿ ಹುಣಸೆಮರದ ಬುಡಕ್ಕೆ ತಂದು ನಿಲ್ಲಿಸುತ್ತವೆ. ಎದುರಿಸಲಾಗದ ಶಕ್ತಿಯನ್ನು ಮುಂಚೆಯೇ ಲೆಕ್ಕಕ್ಕೆ ತೆಗೆದುಕೊಳ್ಳುವ ಈ ಜಾಣ್ಮೆ ಸಂಸಾರ ನಡೆಸುವ ಗೃಹಿಣಿಯರಿಗೆ ಹೊಸದೇನಲ್ಲ. ಆದ್ದರಿಂದಲೋ ಏನೋ ಅವರು ಇದನ್ನು ಗಂಡಸರಿಗಿಂತ ಬೇಗ ಗ್ರಹಿಸಿದರು.

ಆಷಾಢದ ಒಂದು ಭಾನುವಾರ ಹುಣಸೂರಿನಲ್ಲಿ ಬಿಸಿಲಿತ್ತು. ಹೊಳೆ ತುಸು ಕೆಂಪಾಗಿತ್ತು, ಅಷ್ಟೆ. ಹಿರಿಯರು ನೀರಿನಲ್ಲಿ ಕೈಯಾಡಿಸಿ ನೋಡಿ, ತೇಲಿಬಂದ ಹಸಿ ಎಲೆಯೊಂದನ್ನು ಎತ್ತಿ ತೋರಿಸಿ, ಹರಿಗೋಲನ್ನು ಮಗುಚಿ ಹಾಕಿಬಿಟ್ಟರು. ಬ್ರಹ್ಮಗಿರಿಯಲ್ಲಿ ಮಳೆ ಬಿದ್ದಿದೆ, ಇನ್ನು ಸ್ವಲ್ಪ ಹೊತ್ತಿನಲ್ಲಿ ನೀರು ಏರುತ್ತದೆ ಎಂದರು. ಹುಡುಗರ ಮುಖ ಬಾಡಿತು. ದೂರದಿಂದ ಬಂದ ನೆಂಟರನ್ನು ಕೂರಿಸಿಕೊಂಡು ಹೋಗುವ ಆಸೆ ಅವರಿಗೆ. ಹಿರಿಯರು ಜಗ್ಗಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ನಾವು ಕುಳಿತಿದ್ದ ಕಲ್ಲು ನೀರಿನೊಳಗಿತ್ತು. ಈಜುವುದು, ಹುಟ್ಟು ಹಾಕುವುದು ಇವೆರಡನ್ನೂ ಕಲಿತ ತರುಣನಿಗೆ ಇಂದು ಇಳಿಯಬಾರದು ಎಂಬುದನ್ನು ಕಲಿಸುವುದೇ ಎಲ್ಲಕ್ಕಿಂತ ಕಷ್ಟ. ಪತ್ರಿಕೆಯ ಆ ನಾಲ್ಕು ಸಾಲುಗಳಲ್ಲಿ ಈಜು ಬರುತ್ತಿದ್ದವರ ಹೆಸರುಗಳೂ ಇರುತ್ತವೆ.

ಮಕ್ಕಳನ್ನು ಕಳುಹಿಸಬಯಸುವ ತಾಯಿತಂದೆಗಳಿಗೆ ಎರಡು ಮಾತು. ಈಜು ಬಾರದ ಮಗುವನ್ನು ಹರಿಗೋಲಿಗೆ ಹತ್ತಿಸುವುದು ಬೇಡ. ಬಲ್ಲವರು ಜೊತೆಗಿದ್ದರೂ ಲೈಫ್ ಜಾಕೆಟ್ ಇರಲೇಬೇಕು. ಜಲಾಶಯದಲ್ಲಿ ಇಳಿಯಲು ಅನುಮತಿಯಿಲ್ಲದ ಎಡೆಗಳಿವೆ, ಅಣೆಕಟ್ಟೆಗಳ ಹತ್ತಿರವಂತೂ ಸುಳಿಯಲೇಬಾರದು. ಸುತ್ತೂರಿನ ಜಾತ್ರೆಯಲ್ಲಿ ಕಪಿಲೆಯ ಮೇಲೆ ತೆಪ್ಪೋತ್ಸವವನ್ನು ಕಂಡು ಮಕ್ಕಳು ಕುಣಿದಾಡುವುದನ್ನು ಎಲ್ಲರೂ ಬಲ್ಲೆವು. ಆ ಉತ್ಸಾಹವೇ ಮೊದಲ ಪಾಠಕ್ಕೆ ಸಾಕಾದ ಬಂಡವಾಳ.

ಅಭ್ಯಾಸ ಒಂದು ಹಂತಕ್ಕೆ ಬಂದ ಮೇಲೆ ನಾವು ಹಿರಿಯರನ್ನು ಹರಿಗೋಲಿನ ನಡುವೆ ಕುಳ್ಳಿರಿಸಿ, ಸರದಿಯಂತೆ ಹುಟ್ಟು ಹಾಕಿ ಹಿನ್ನೀರಿನ ಒಂದು ಕೊಲ್ಲಿಯನ್ನು ದಾಟಿಸಿದೆವು. ಎಪ್ಪತ್ತು ವರ್ಷದಲ್ಲಿ ತಾವು ಕುಳಿತು ದಾಟಿದ್ದು ಇದೇ ಮೊದಲು ಎಂದರು. ಅರ್ಧ ದಾರಿಯವರೆಗೂ ಅವರ ಕೈಗಳು ತೊಡೆಯ ಮೇಲೆ ಸುಮ್ಮನಿರಲಾರದೆ ಗಾಳಿಯಲ್ಲಿಯೇ ಹುಟ್ಟು ಹಾಕುತ್ತಿದ್ದವು. ಆಮೇಲೆ ಸುಮ್ಮನಾದರು. ದಡ ಸೇರಿದಾಗ ಅವರು ‘ಬುದ್ಧಿ’ ಎನ್ನಲಿಲ್ಲ. “ಮೇಷ್ಟ್ರೇ, ಬಲಗೈ ಇನ್ನೂ ವಸಿ ಜೋರು” ಎಂದರು.

ಅವರ ಮೊಮ್ಮಗನು ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ದುಡಿಯುತ್ತಾನೆ. ಹುಟ್ಟನ್ನು ಅವನು ಎಂದೂ ಹಿಡಿದವನಲ್ಲ. ಅದು ಬಡತನದ ಗುರುತೆಂಬ ಭಾವನೆ ಅವನಲ್ಲಿ ಬೇರೂರಿತ್ತು. ಕಳೆದ ಎರಡು ಭಾನುವಾರಗಳಿಂದ ಅವನು ನಮ್ಮ ಹುಡುಗರ ಜೊತೆ ಕೆರೆಯ ದಡಕ್ಕೆ ಬರುತ್ತಿದ್ದಾನೆ. ಅವನಿಗೆ ಹುಟ್ಟು ಹಿಡಿಯುವುದನ್ನು ಹೇಳಿಕೊಡುತ್ತಿರುವವಳು ಆ ಹನ್ನೊಂದರ ಬಾಲೆ. ಹಿರಿಯರು ಏರಿಯ ಮೇಲೆ ಕುಳಿತು ಇಬ್ಬರನ್ನೂ ಗದರಿಸುತ್ತಿರುತ್ತಾರೆ.