ಚಿಂದಿಗೆ ಮರುಜನ್ಮವೀಯುವ ಪ್ರಾತೊ

ಇಟಲಿಗೆ ಹೋದವರು ಫ್ಲಾರೆನ್ಸ್ ನಗರವನ್ನು ಕಾಣದೆ ಹಿಂದಿರುಗುವುದಿಲ್ಲ. ಅಲ್ಲಿಂದ ರೈಲಿನಲ್ಲಿ ಅರ್ಧ ಗಂಟೆಯಷ್ಟೇ ದೂರದ ಪ್ರಾತೊ ಪಟ್ಟಣದಲ್ಲಿ ಇಳಿಯುವವರು ಮಾತ್ರ ವಿರಳ. ಬಿಸೆಂಜಿಯೊ ನದಿಯ ದಂಡೆಯ ಈ ಊರಿಗೆ ನೂಲು ನೇಯ್ಗೆಗಳೇ ಜೀವಾಳ. ನಡುಚೌಕದಲ್ಲಿ ನಿಂತ ಪ್ರತಿಮೆ ಅರಸನದಾಗಲಿ ದಂಡನಾಯಕನದಾಗಲಿ ಅಲ್ಲ; 1410ರಲ್ಲಿ ತೀರಿಕೊಂಡ ಫ್ರಾನ್ಚೆಸ್ಕೊ ದಾತೀನಿ ಎಂಬ ವರ್ತಕನದು. ಹಳೆಯ ಕೋಟೆಗೋಡೆಯ ಮಗ್ಗುಲಲ್ಲಿ ಕಾಂಪೋಲ್ಮಿ ಎಂಬ ಹಿಂದಿನ ಬಟ್ಟೆಯ ಗಿರಣಿಯೇ ಇಂದು ಜವಳಿಯ ವಸ್ತುಸಂಗ್ರಹಾಲಯವಾಗಿದೆ.

ಆದರೆ ಪ್ರಾತೊ ಲೋಕಪ್ರಸಿದ್ಧವಾದುದು ಚಿಂದಿಯಿಂದ. 19ನೆಯ ಶತಮಾನದಿಂದಲೂ ನಾನಾ ದೇಶಗಳವರು ಉಟ್ಟು ಬಿಸುಟ ಉಣ್ಣೆಯುಡುಪುಗಳು ಇಲ್ಲಿಗೆ ಬಂದು, ಮತ್ತೆ ಎಳೆಯಾಗಿ, ನೂಲಾಗಿ, ಹೊಸ ಬಟ್ಟೆಯಾಗುತ್ತಿವೆ. ನಮ್ಮ ಅಜ್ಜಿಯರು ಹರಿದ ಸೀರೆಗಳಿಂದ ಕೌದಿ ಹೊಲಿದ ವಿವೇಕವನ್ನೇ ಇಲ್ಲಿ ಒಂದು ಊರು ಕಸುಬಾಗಿಸಿಕೊಂಡಿದೆ.

ಈ ಕಸುಬಿನ ಗುಟ್ಟೆಲ್ಲ ವಿಂಗಡಣೆಯಲ್ಲಿದೆ. ಚಿಂದಿ ಆರಿಸುವವರಿಗೆ ಇಲ್ಲಿ 'ಚೆಂಚಾಯೋಲಿ' ಎಂದು ಹೆಸರು. ಗುಂಡಿ, ಅಸ್ತರುಗಳನ್ನು ತೆಗೆದು, ಉಣ್ಣೆ ಯಾವುದು, ಬೆರಕೆ ಯಾವುದು ಎಂಬುದನ್ನು ಬೆರಳ ತುದಿಯಿಂದಲೇ ಅವರು ನಿರ್ಣಯಿಸುತ್ತಾರೆ. ಬಣ್ಣ ಬಣ್ಣವನ್ನೂ ಬೇರೆಬೇರೆ ರಾಶಿ ಹಾಕುತ್ತಾರೆ. ಕೆಂಪು ಚಿಂದಿಯಿಂದ ಕೆಂಪು ನೂಲೇ ಬರುವುದರಿಂದ ಮತ್ತೆ ಬಣ್ಣ ಕಟ್ಟುವ ಕೆಲಸವೂ ನೀರೂ ಉಳಿಯುತ್ತವೆ.

ಇಂತಹ ಕೈಗಳ ವಿದ್ಯೆಯನ್ನು ಈಗ ಯುರೋಪಿನಲ್ಲಿ ಯಂತ್ರಕ್ಕೆ ಕಲಿಸುತ್ತಿದ್ದಾರೆ. ಅದಕ್ಕೆ ಕಾರಣವೂ ಉಂಟು. ಹಳೆಯ ಬಟ್ಟೆಯನ್ನು ಇತರ ಕಸದೊಡನೆ ಬೆರೆಸದೆ ಪ್ರತ್ಯೇಕವಾಗಿ ಸಂಗ್ರಹಿಸಬೇಕೆಂಬ ನಿಯಮ ಇಟಲಿಯಲ್ಲಿ 2022ರಿಂದ, ಯುರೋಪಿಯನ್ ಒಕ್ಕೂಟದಲ್ಲೆಲ್ಲ 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ರಾಶಿ ಬೆಳೆಯುತ್ತದೆ; ಕೈಗಳು ಸಾಲವು. ಸ್ವೀಡನ್ನಿನ ಮಾಲ್ಮೋ ನಗರದಲ್ಲಿ 2020ರಲ್ಲಿಯೇ ಅವಗೆಂಪು ಬೆಳಕಿನಿಂದ ನಾರನ್ನು ಗುರುತಿಸಿ ವಿಂಗಡಿಸುವ ದೊಡ್ಡ ಸ್ಥಾವರವೊಂದು ಆರಂಭವಾಯಿತು. ಹತ್ತಿ, ಉಣ್ಣೆ, ಪಾಲಿಯೆಸ್ಟರ್‌ಗಳು ಆ ಬೆಳಕನ್ನು ಒಂದೊಂದು ಬಗೆಯಲ್ಲಿ ಹಿಂದಿರುಗಿಸುವುದೇ ಗುರುತು. ಇದರೊಡನೆ ಕ್ಯಾಮೆರಾ ಮತ್ತು ಕೃತಕ ಬುದ್ಧಿಮತ್ತೆ ಸೇರಿದರೆ ಕಲೆ, ತೂತು, ಹೊಲಿಗೆ ಬಿಟ್ಟ ತೋಳು ಇವನ್ನೂ ಕ್ಷಣದಲ್ಲಿ ಹೇಳಬಹುದು. ಯಂತ್ರಕ್ಕೆ ದಣಿವೆಂಬುದಿಲ್ಲ, ಧೂಳಿಗೆ ಕೆಮ್ಮುವುದೂ ಇಲ್ಲ.

ಆದರೂ ಅದರ ಕಣ್ಣಿಗೆ ಮಿತಿಯುಂಟು. ಹೊರಗೆ ಉಣ್ಣೆ, ಒಳಗೆ ಪಾಲಿಯೆಸ್ಟರ್ ಅಸ್ತರು ಇರುವ ಕೋಟಿನಲ್ಲಿ ಆ ಬೆಳಕು ಹೊರಮೈಯನ್ನಷ್ಟೇ ಓದುತ್ತದೆ. ಕೆಲವು ಕಡುಗಪ್ಪು ಬಟ್ಟೆಗಳು ಬೆಳಕನ್ನೇ ನುಂಗಿಬಿಡುತ್ತವೆ. ಮುಗ್ಗಲು ವಾಸನೆಯನ್ನು ಚಿತ್ರ ತೋರಿಸಲಾರದು.

ವಾಚಕರು ಇನ್ನೊಂದು ಸಂಗತಿಯನ್ನು ಮರೆಯಬಾರದು. ಯಂತ್ರಕ್ಕೆ ಬುದ್ಧಿ ಬರುವುದು ಸಾವಿರಾರು ಚಿತ್ರಗಳಿಂದ. 'ಇದು ಉಡಲು ಯೋಗ್ಯ, ಇದು ನೂಲಿಗೆ, ಇದು ಯಾವುದಕ್ಕೂ ಅಲ್ಲ' ಎಂದು ಆ ಚಿತ್ರಗಳಿಗೆ ಹೆಸರು ಹಚ್ಚಬೇಕಾದವರು ವರ್ಷಗಟ್ಟಲೆ ಬಟ್ಟೆ ಮುಟ್ಟಿ ಬಲ್ಲವರೇ. ಶಿಷ್ಯನು ಸಿದ್ಧನಾದನೆಂದು ಗುರುವನ್ನು ಮನೆಗೆ ಕಳುಹಿಸುವುದು ಲೆಕ್ಕದ ಪುಸ್ತಕಕ್ಕೆ ಲಾಭವಾಗಿ ಕಂಡೀತು. ಆದರೆ ಹೊಸ ಬೆರಕೆಯ ಬಟ್ಟೆಗಳು ಪೇಟೆಗೆ ಬರುತ್ತಲೇ ಇರುತ್ತವೆ. ಅವನ್ನು ಬೆರಳಿನಿಂದ ಅರಿತು ಹೇಳುವವರು ಪ್ರಾತೊದಂತಹ ಊರುಗಳಲ್ಲಿ ಉಳಿಯದಿದ್ದರೆ, ಮುಂದಿನ ಪಾಠವನ್ನು ಆ ಯಂತ್ರಕ್ಕೆ ಯಾರು ಹೇಳಿಕೊಡಬೇಕು?