ಸಸ್ಕ್ವೆಹಾನಾ ತೀರದ ಲೂಯಿಸ್‌ಬರ್ಗ್

ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದಲ್ಲಿ, ಸಸ್ಕ್ವೆಹಾನಾ ನದಿಯ ಪಶ್ಚಿಮ ಕವಲಿನ ದಂಡೆಯ ಮೇಲೆ, ಲೂಯಿಸ್‌ಬರ್ಗ್ ಎಂಬ ಸಣ್ಣ ಊರಿದೆ. ಅಲ್ಲಿನ ದಿಣ್ಣೆಯ ಮೇಲೆ 1846ರಲ್ಲಿ ಸ್ಥಾಪಿತವಾದ ಬಕ್ನೆಲ್ ವಿಶ್ವವಿದ್ಯಾನಿಲಯದ ಕೆಂಪು ಇಟ್ಟಿಗೆಯ ಕಟ್ಟಡಗಳು. ಅದರ ಮಗ್ಗುಲಲ್ಲೇ ಊರಿನ ಸ್ಮಶಾನ. ವಿದ್ಯಾರ್ಥಿಗಳ ಕ್ರೀಡಾಂಗಣದ ಮೇಲೂ ಸ್ಮಶಾನದ ಒಂದು ಸಮಾಧಿಯ ಮೇಲೂ ಇರುವ ಹೆಸರು ಒಂದೇ: ಮ್ಯಾಥ್ಯೂಸನ್.

ಕ್ರಿಸ್ಟಿ ಮ್ಯಾಥ್ಯೂಸನ್ ಹುಟ್ಟಿದ್ದು 1880ರಲ್ಲಿ, ಇದೇ ಸಂಸ್ಥಾನದ ಫ್ಯಾಕ್ಟರಿವಿಲ್ ಎಂಬಲ್ಲಿ. 1898ರಲ್ಲಿ ಬಕ್ನೆಲ್ ಸೇರಿದ ಈ ಎತ್ತರದ ತರುಣನು ತನ್ನ ತರಗತಿಯ ಅಧ್ಯಕ್ಷನಾದನು, ಸಾಹಿತ್ಯ ಸಂಘದ ಸದಸ್ಯನಾದನು, ಫುಟ್‌ಬಾಲಿನಲ್ಲಿಯೂ ಹೆಸರು ಮಾಡಿದನು. ಆದರೆ ಅವನ ಅಸಾಧಾರಣ ಶಕ್ತಿ ಪ್ರಕಟವಾದುದು ಬೇಸ್‌ಬಾಲಿನಲ್ಲಿ. ಹಣಕ್ಕಾಗಿ ಬೇಸ್‌ಬಾಲ್ ಆಡುವವರನ್ನು ಸಭ್ಯ ಕುಟುಂಬಗಳು ಒರಟರೆಂದು ದೂರವಿಡುತ್ತಿದ್ದ ಕಾಲವದು. ಅಂಥ ಕಾಲದಲ್ಲಿ, 1900ರಲ್ಲಿ ಅವನು ನ್ಯೂಯಾರ್ಕ್ ಜೈಂಟ್ಸ್ ತಂಡವನ್ನು ಸೇರಿದನು, ಪದವಿ ಕೈಗೂಡಲಿಲ್ಲ.

ಬೇಸ್‌ಬಾಲಿನಲ್ಲಿ ಚೆಂಡನ್ನು ನೆಲಕ್ಕೆ ತಾಗಿಸದೆ, ದಾಂಡಿಗನ ಮಂಡಿಗೂ ಎದೆಗೂ ನಡುವಣ ಕಿರಿದಾದ ಅವಕಾಶದಲ್ಲಿ ಹಾಯಿಸಬೇಕು. ನಾಲ್ಕು ಸಲ ಗುರಿ ತಪ್ಪಿದರೆ ದಾಂಡಿಗನಿಗೆ ಮೊದಲನೆಯ ನೆಲೆ ಪುಕ್ಕಟೆ. 1913ರಲ್ಲಿ 306 ಇನ್ನಿಂಗ್ಸ್ ಎಸೆದ ಮ್ಯಾಥ್ಯೂಸನ್ ಹಾಗೆ ಬಿಟ್ಟುಕೊಟ್ಟದ್ದು 21 ಸಲ ಮಾತ್ರ! 1905ರ ವಿಶ್ವ ಸರಣಿಯಲ್ಲಿ ಆರು ದಿನಗಳೊಳಗೆ ಮೂರು ಪಂದ್ಯಗಳನ್ನು, ಎದುರಾಳಿಗೆ ಒಂದು ಓಟವನ್ನೂ ಕೊಡದೆ ಗೆದ್ದನು. ಒಟ್ಟು ಗೆಲುವು 373. ಭಾನುವಾರ ಚೆಂಡನ್ನು ಮುಟ್ಟುವುದಿಲ್ಲವೆಂದು ತಾಯಿಗೆ ಕೊಟ್ಟ ಮಾತನ್ನೂ ಅವನು ಉಳಿಸಿಕೊಂಡನು. ಚೆಂಡಿನ ಮೇಲಿದ್ದ ಹಿಡಿತವು ಮನಸ್ಸಿನ ಮೇಲೂ ಇದ್ದಿತು.

ಆ ಹಿಡಿತದ ಕಠಿಣ ಪರೀಕ್ಷೆ ನಡೆದದ್ದು ಮೈದಾನದ ಹೊರಗೆ. ಮೊದಲನೆಯ ಮಹಾಯುದ್ಧದಲ್ಲಿ, 1918ರಲ್ಲಿ, ಸೈನ್ಯದ ವಿಷವಾಯು ವಿಭಾಗವನ್ನು ಸೇರಿ ಫ್ರಾನ್ಸಿಗೆ ಹೋದ ಅವನ ಶ್ವಾಸಕೋಶಕ್ಕೆ ತರಬೇತಿಯ ಕಾಲದಲ್ಲೇ ವಿಷವಾಯು ತಗುಲಿತು. 1920ರಲ್ಲಿ ಕ್ಷಯರೋಗವೆಂದು ಗೊತ್ತಾಯಿತು. ತಮ್ಮ ಹೆನ್ರಿ 1917ರಲ್ಲಿ ಅದೇ ರೋಗಕ್ಕೆ ಬಲಿಯಾಗಿದ್ದನು.

ಕ್ಷಯಕ್ಕೆ ಮದ್ದಿಲ್ಲದ ದಿನಗಳವು. ನ್ಯೂಯಾರ್ಕ್ ಸಂಸ್ಥಾನದ ಬೆಟ್ಟಸೀಮೆಯಲ್ಲಿರುವ ಸರನಾಕ್ ಲೇಕ್ ಎಂಬ ಊರಿಗೆ ರೋಗಿಗಳು ಶುದ್ಧವಾಯುವನ್ನರಸಿ ಬರುತ್ತಿದ್ದರು. ಅಲ್ಲಿನ ಮನೆಗಳ ತೆರೆದ ಮೊಗಸಾಲೆಗಳಲ್ಲಿ, ಹಿಮ ಸುರಿಯುವಾಗಲೂ ಕಂಬಳಿ ಹೊದ್ದು ಅಲುಗಾಡದೆ ಮಲಗಿರುವುದೇ ಚಿಕಿತ್ಸೆ. ಲಕ್ಷಾಂತರ ಜನರನ್ನು ಬೆರಗುಗೊಳಿಸಿದ ತೋಳಿಗೆ ಈಗ ವಿಶ್ರಾಂತಿಯೇ ಕೆಲಸವಾಯಿತು. ಅದನ್ನೂ ಅವನು ನಿಷ್ಠೆಯಿಂದ ನಡೆಸಿ ಚೇತರಿಸಿಕೊಂಡನು. 1923ರಲ್ಲಿ ಬಾಸ್ಟನ್ ಬ್ರೇವ್ಸ್ ತಂಡದ ಅಧ್ಯಕ್ಷನಾಗಿ ಆಟದ ಲೋಕಕ್ಕೆ ಮರಳಿದನು. ರೋಗವೂ ಮರಳಿತು. 1925ರ ಅಕ್ಟೋಬರ್ 7ರಂದು, ವಿಶ್ವ ಸರಣಿಯು ಆರಂಭವಾದ ದಿನವೇ, 45ನೆಯ ವಯಸ್ಸಿನಲ್ಲಿ ಸರನಾಕ್ ಲೇಕ್‌ನಲ್ಲಿ ಕಣ್ಣು ಮುಚ್ಚಿದನು. ಮರುದಿನ ಆಟಗಾರರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಆಡಿದರು.

ದೇಹವನ್ನು ಲೂಯಿಸ್‌ಬರ್ಗಿಗೆ ತಂದರು. ಅದು ಅವನ ಪತ್ನಿ ಜೇನಳ ತವರೂರು. ಅವನ ವಿದ್ಯೆಯ ಊರು. 1936ರಲ್ಲಿ ಬೇಸ್‌ಬಾಲಿನ ಕೀರ್ತಿಮಂದಿರಕ್ಕೆ ಮೊದಲು ಆಯ್ಕೆಯಾದ ಐವರಲ್ಲಿ ಆ ಗೌರವವನ್ನು ಕಾಣಲು ಬದುಕಿರದಿದ್ದವನು ಇವನೊಬ್ಬನೇ. ಕಾಲೇಜು ಅವನ ಹೆಸರನ್ನು ಮರೆಯಲಿಲ್ಲ; ದೊಡ್ಡ ತಂಡಗಳು ಕೂಡಿ ಅವನ ನೆನಪಿಗೆ ಕಟ್ಟಿಸಿದ ಹೆಬ್ಬಾಗಿಲೊಂದು ಬಕ್ನೆಲ್‌ನಲ್ಲಿದೆ. ಕ್ರೀಡಾಂಗಣದಲ್ಲಿ ಪಂದ್ಯ ನಡೆಯುವ ದಿನ ಹುಡುಗರ ಕೇಕೆ ದಿಣ್ಣೆಯ ಮೇಲೆಲ್ಲ ಕೇಳಿಸುತ್ತದೆ. ಪದವಿ ಮುಗಿಸದೆ ಹೊರಟ ವಿದ್ಯಾರ್ಥಿಯು ಆ ಕೇಕೆಯ ನೆರೆಯಲ್ಲೇ ಮಲಗಿದ್ದಾನೆ.